ನಲವತ್ತು ಕೈಗಳ ಲೆಕ್ಕ

“ಕೇಳಿರಿ, ಕಲ್ಮೇಡಿನ ಜನರೇ! ದೊರೆ ಬೀರದೇವರಸರು ಮೂರು ಒಗಟು ಕೇಳುತ್ತಾರೆ. ಒಡೆದವರಿಗೆ ರಾಜ್ಯದ ಸಾಲೆಗಳ ಹಿರಿತನ. ತಪ್ಪಿದವರಿಗೆ ತಲೆದಂಡ!” ಎಂದು ಡಂಗುರದವನು ಸಾರಿದ.

ದೊರೆಗೆ ಆಗ ಕರಿಹಲಗೆಯ ಹುಚ್ಚು. ಸಾಲೆ ಸಾಲೆಗೂ ಗೋಡೆಯಗಲದ ಹಲಗೆ ಹಾಕಿಸಿ, ಮಕ್ಕಳು ಬೆರಳಲ್ಲಿ ಅಂಕಿ ತಿದ್ದುತ್ತಿದ್ದ ಮರಳನ್ನೂ ಎಣಿಸುತ್ತಿದ್ದ ಮಣಿಚೌಕಟ್ಟನ್ನೂ ಹೊರಗೆ ಎಸೆಸಿದ್ದ. ಆಸ್ಥಾನದಲ್ಲೂ ಒಂದು ಹಲಗೆ ನಿಲ್ಲಿಸಿ, ಅದರೆದುರು ನಲವತ್ತು ಮಕ್ಕಳನ್ನು ಕೂರಿಸಿದ್ದ. ಅವರ ಗುರುಗಳು ಲೆಕ್ಕ ಬರೆದಿದ್ದರು. ಮಕ್ಕಳು ಒಂದಂಕಿಯೂ ತಪ್ಪದೆ ನಕಲು ಮಾಡಿದ್ದರು.

“ಸಾವಿರ ಲೆಕ್ಕ ನುಂಗಿದರೂ ಒಂದನ್ನೂ ಇಟ್ಟುಕೊಳ್ಳುವುದಿಲ್ಲ. ಅದರೆದುರು ತಪ್ಪಿದವರಿಗೆ ನಾಚಿಕೆಯಿಲ್ಲ. ಏನದು?” ಎಂದು ಕೇಳಿದ ದೊರೆ.

“ಹೊಳೆ,” ಎಂದರು ಪಂಡಿತ ಮಾಧವಾರ್ಯರು. ಕೈಗೆ ಕೋಳ ಬಿತ್ತು. “ಸ್ಮಶಾನ,” ಎಂದರು ಆಸ್ಥಾನದ ಗಣಿತಜ್ಞ ನಾಗರಸರು. ಅವರನ್ನೂ ಎಳೆದೊಯ್ದರು.

ಬಳಪದ ಕಲ್ಲು ಕೊರೆದು ಬದುಕುವ ದೇಮವ್ವ ಎದ್ದು ಬಂದಳು. ಸಾಲೆಯಲ್ಲಿ ದೊಡ್ಡ ಭಾಗಾಕಾರ ಬರೆದು ತಂದ ಅವಳ ಮಗಳು, ಮನೆಯಲ್ಲಿ ಆರು ರೊಟ್ಟಿಯನ್ನು ಮೂವರಿಗೆ ಹಂಚಲಾರದೆ ಅತ್ತಿದ್ದಳು. ಅದರಿಂದ ದೇಮವ್ವನಿಗೆ ಬಂದ ಸಿಟ್ಟು ಇನ್ನೂ ಆರಿರಲಿಲ್ಲ.

“ಮರಳು, ದೊರೆಯೇ. ತಪ್ಪಿದರೆ ಅಂಗೈಯಲ್ಲಿ ಸವರಿ ಮತ್ತೆ ಬರೀತೀವಿ.”

ದೊರೆ ಹುಬ್ಬೇರಿಸಿದ. “ಹತ್ತು ಮಂದಿ ಆಚೆ ಸರಿದರೆ ಪಕ್ಕದ ಸಾಲಿನಲ್ಲಿ ಒಬ್ಬನೇ ಹೆಜ್ಜೆಯಿಡುತ್ತಾನೆ. ಆ ಒಬ್ಬ ಈ ಹತ್ತಕ್ಕೆ ಸಮ.”

“ಮಣಿಚೌಕಟ್ಟು. ಹತ್ತು ಬಿಡಿಗಳು ಸೇರಿ ಒಂದು ಹತ್ತು ಹೇಗಾಯಿತು ಅಂತ ಮಕ್ಕಳ ಬೆರಳಿಗೇ ತಿಳೀತಿತ್ತು. ಎರಡನ್ನೂ ತಾವೇ ತಿಪ್ಪೆಗೆ ಹಾಕಿಸಿದಿರಿ!”

ದೊರೆಯ ಮುಖ ಕೆಂಪೇರಿತು. “ಒಬ್ಬ ಗೋಡೆಯ ಮೇಲೆ ಬರೆದರೆ ನಲವತ್ತು ಕೈ ಬರೆಯುತ್ತವೆ. ಯಾವುದು ಆ ಗೋಡೆ? ಎಷ್ಟು ತಲೆಗಳು ಲೆಕ್ಕ ಮಾಡಿದವು?”

“ಗೋಡೆ ಕರಿಹಲಗೆ. ಲೆಕ್ಕ ಮಾಡಿದ್ದು ಒಂದೇ ತಲೆ, ಗುರುಗಳದು.”

“ತಪ್ಪು! ನಲವತ್ತು!” ತಲೆ ಕಡಿಯಲು ನಿಂತಿದ್ದ ಕಟುಕ ಕತ್ತಿ ಹಿರಿದ.

“ಕೊಲ್ಲೋದಾದರೆ ನೋಡಿ ಕೊಲ್ಲಿ!” ದೇಮವ್ವ ಹಲಗೆಯ ಹತ್ತಿರ ನಡೆದಳು. ನೂರಿಪ್ಪತ್ತಾರು ಮಾವಿನಹಣ್ಣು ಏಳು ಮಂದಿಗೆ ಹಂಚಿದರೆ ತಲೆಗೆ ಹದಿನೆಂಟು ಎಂದಿತ್ತು ಅಲ್ಲಿ. ಏಳನ್ನು ಅಳಿಸಿ ಒಂಬತ್ತು ಬರೆದಳು, ಹದಿನೆಂಟನ್ನು ಒರೆಸಿಹಾಕಿದಳು. “ಮಕ್ಕಳೇ, ಈಗ ತಲೆಗೆ ಎಷ್ಟು?”

ಯಾರೂ ಬರೆಯಲಿಲ್ಲ. ನಲವತ್ತು ಮುಖಗಳೂ ಗುರುಗಳತ್ತ ತಿರುಗಿದವು.

ದೊರೆ ಆ ಮುಖಗಳನ್ನು ಒಂದೊಂದಾಗಿ ನೋಡಿದ. ಕೊನೆಗೆ ಕಟುಕನಿಗೆ ಹಿಂದೆ ಸರಿಯಲು ಸನ್ನೆ ಮಾಡಿದ. “ಹಿರಿತನ ನಿನ್ನದು, ತಾಯಿ. ಹಲಗೆಗಳನ್ನು ಸುಡಿಸಲೇ?”

“ಅವೇನು ಪಾಪ ಮಾಡಿವೆ? ಎಲ್ಲರಿಗೂ ಒಟ್ಟಿಗೆ ಕಾಣಬೇಕಾದರೆ ಹಲಗೆ ಬೇಕು. ಮರಳು, ಮಣಿಯನ್ನೂ ವಾಪಸು ತರಿಸಿ. ಮೊದಲು ಆ ಇಬ್ಬರನ್ನು ಬಿಡಿ. ಉತ್ತರ ತಪ್ಪಿದ್ದಕ್ಕೆ ತಲೆ ತೆಗೆಯೋ ಊರಲ್ಲಿ ಯಾವ ಮಗು ಬಾಯಿ ತೆರೆದೀತು?”

ಇಬ್ಬರ ಕೋಳವನ್ನೂ ಬಿಚ್ಚಿದರು.

ಮರುದಿನ ರಾಜಧಾನಿಯ ಸಾಲೆಯಲ್ಲಿ ಸಣ್ಣ ಹುಡುಗಿಯೊಬ್ಬಳು ಹಲಗೆಯ ಮೇಲೆ ತಪ್ಪು ಉತ್ತರ ಬರೆದಳು. ಎಲ್ಲರೂ ನಕ್ಕರು. ದೇಮವ್ವ ಅದನ್ನು ಅಳಿಸಲಿಲ್ಲ.

“ಹೇಗೆ ಬಂತು ಹೇಳವ್ವಾ,” ಎಂದು ನೆಲದ ಮೇಲೆ ಕೂತಳು.

ಹುಡುಗಿ ಅಳುಕುತ್ತಲೇ ಹೇಳತೊಡಗಿದಳು. ಅರ್ಧಕ್ಕೆ ಬಂದಾಗ ತಟಕ್ಕನೆ ನಿಂತು, “ಅಯ್ಯೋ, ತಡೀರಿ!” ಎಂದು ತಾನೇ ಹಲಗೆಯತ್ತ ಓಡಿದಳು.