ದಿಗ್ಗಜದ ಹಲ್ಲು

“ಅಜ್ಜಾರ, ವರಾಹ ತರಲೋ, ದಿಗ್ಗಜ ತರಲೋ?”

ಮಠದ ಗುರುಗಳನ್ನು ಹೀಗೆಂದು ಕೇಳಿದವನು ಅವರ ಶಿಷ್ಯ ಗಾದಿಲಿಂಗ. ವರಾಹ ಮತ್ತು ದಿಗ್ಗಜ ಎರಡು ಕಂಪನಿಗಳ ಹೆಸರು. ಎರಡೂ ಚೈನಿನ ಮೇಲೆ ತೆವಳುತ್ತ ಮಣ್ಣು ಎತ್ತುವ ಲೋಡರುಗಳನ್ನು ಮಾಡುತ್ತಿದ್ದವು. ಗಾದಿಲಿಂಗ ನೋಡಿ ಬಂದದ್ದು ಹೊಸ ಗಾಡಿಗಳನ್ನಲ್ಲ. ಹಲವರ ಕೈ ದಾಟಿ, ಕೊನೆಗೆ ಒಬ್ಬ ವ್ಯಾಪಾರಿಯ ಅಂಗಳದಲ್ಲಿ ಅಕ್ಕಪಕ್ಕ ನಿಂತಿದ್ದ ಎರಡು ಹಳೆಯ ಗಾಡಿಗಳನ್ನು. ಗಾದಿಲಿಂಗನ ಹೊಲ ಹೊಸ ಕಾಲುವೆಗಿಂತ ಎತ್ತರದಲ್ಲಿತ್ತು. ಕಾಲುವೆಗೆ ನೀರು ಬಿಡುವುದರೊಳಗೆ ಹೊಲವನ್ನು ತಗ್ಗಿಸದಿದ್ದರೆ ಅವನ ಪಾಲಿನ ನೀರು ಮುಂದಿನವನಿಗೆ ಹೋಗುತ್ತಿತ್ತು.

ಗುರುಗಳು ಒಂದು ಬಾಳೆಹಣ್ಣು ಕೊಟ್ಟರು. ಗಾದಿಲಿಂಗ ಅದನ್ನು ತಿರುಗಿಸಿ ನೋಡಿದ, ಮೂಸಿದ, ಆಮೇಲೆ ಸುಲಿದು ತಿಂದ.

“ವ್ಯಾಪಾರಿ ಹೇಗೆ?” ಎಂದರು ಗುರುಗಳು.

“ಕಳ್ಳ ಅದಾನ್ರಿ.”

“ಏನು ಕದ್ದ?”

“ಇನ್ನೂ ಗೊತ್ತಾಗಿಲ್ರಿ. ಅಷ್ಟು ಪಕ್ಕಾ ಕಳ್ಳ.”

“ಗಾಡಿಗಳು ಹೇಗಿವೆ?”

“ಗಾಡಿ ನಿಂತಿದ್ವು ಬಿಡ್ರಿ. ನಾ ಅವನ ಮಾರಿ ನೋಡಿದೆ. ಅವ ಚಹಾ ಕುಡಿಯೋದು ನೋಡಿದೆ. ಬಾಜೂಕಿನ ಪಂಚರ್ ಅಂಗಡಿಯವನ್ನ ವಿಚಾರಿಸಿದೆ. ಅವ ಇವನ್ನ ಬಾಳ ಹೊಗಳಿದ. ಅಂದ್ರ ಇಬ್ಬರೂ ಕೂಡೇ ಅದಾರ.”

ಗುರುಗಳು ಕತೆ ಹೇಳುವಾಗ ಪೂರ್ತಿ ನಿಜ ಹೇಳುವುದಿಲ್ಲ ಎಂಬುದು ಮಠದಲ್ಲಿ ಎಲ್ಲರಿಗೂ ತಿಳಿದಿತ್ತು. ಕತೆ ಹೇಳದಿದ್ದಾಗಲೂ ಅಷ್ಟೇ. ಆದರೂ ಅವರು ಕಾಲು ಮಡಿಸಿ ಕೂತರೆ ಯಾರೂ ಎದ್ದು ಹೋಗುತ್ತಿರಲಿಲ್ಲ. ಈಗ ಅವರು ಕಾಲು ಮಡಿಸಿ ಕೂತರು.

“ಒಬ್ಬ ರೈತನಿದ್ದ,” ಎಂದರು. “ಇವನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಲ್ಲವೆಂದರೆ ಕಂಡವನೊಬ್ಬನನ್ನು ಕಂಡಿದ್ದೇನೆ. ಒಂಟಿ ಜೀವ. ಅವನದೂ ದಿನ್ನೆ ಹೊಲ. ಅವನ ಹೊಲದ ಪಕ್ಕಕ್ಕೂ ಕಾಲುವೆ ಬಂತು.”

“ನನ್ನ ಕತೀನೇ ನನಗ ಹೇಳಾಕತ್ತೀರಿ,” ಎಂದ ಗಾದಿಲಿಂಗ.

“ಅವನಿಗೆ ಮೀಸೆ ಇತ್ತು. ನಿನಗಿಲ್ಲ. ಸುಮ್ಮನೆ ಕೇಳು.”

ಗುರುಗಳು ಮುಂದುವರಿಸಿದರು.

ನೀರು ದಿನ್ನೆ ಹತ್ತುವುದಿಲ್ಲ. ದಿನ್ನೆಯೇ ಇಳಿಯಬೇಕು. ರೈತ ಎತ್ತು ಕಟ್ಟಿ ಮಣ್ಣೆಳೆದು ನೋಡಿದ. ಎತ್ತುಗಳು ಸೊರಗಿದವು, ದಿನ್ನೆ ಸೊರಗಲಿಲ್ಲ. ಟೈರಿನ ಗಾಡಿ ತರಿಸಿದ. ಅದು ಎರೆಮಣ್ಣಿನಲ್ಲಿ ಹೂತು, ಅದನ್ನು ಎಳೆಯಲು ಮತ್ತೆ ಎತ್ತುಗಳೇ ಬರಬೇಕಾಯಿತು. ಬಾಡಿಗೆಗೆ ಚೈನಿನ ಲೋಡರ್ ಕೇಳಿದ. ಕಾಲುವೆಯ ಉದ್ದಕ್ಕೂ ಎಲ್ಲರೂ ಕೇಳುತ್ತಿದ್ದರು, ಯಾರಿಗೂ ಸಿಗುತ್ತಿರಲಿಲ್ಲ. ಹಾಗಾಗಿ ಹಳೆಯದೊಂದನ್ನು ಕೊಳ್ಳಲು ಹೊರಟ.

ಈ ರೈತ ಸುತ್ತಲಿನ ಸೀಮೆಗೆಲ್ಲ ಎರಡು ಸಂಗತಿಗೆ ಹೆಸರಾಗಿದ್ದ. ಒಂದು, ಎತ್ತಿನ ಪರೀಕ್ಷೆ. ಎತ್ತಿನ ತುಟಿ ಎತ್ತಿ ಹಲ್ಲು ನೋಡಿದನೆಂದರೆ ಅದರ ವಯಸ್ಸು, ಅದು ತಿಂದ ಮೇವು, ಹಿಂದಿನ ಒಡೆಯನ ಜಿಪುಣತನ, ಎಲ್ಲ ಹೇಳುತ್ತಿದ್ದ. ಇನ್ನೊಂದು, ಅನುಮಾನ. ಹಾಲು ಕೊಂಡರೆ ಇದರಲ್ಲಿ ನೀರಿದೆ ಎನ್ನುತ್ತಿದ್ದ. ನೀರು ಕೊಟ್ಟರೆ ಇದು ಹಾಲಿನ ಪಾತ್ರೆ ತೊಳೆದದ್ದು ಎನ್ನುತ್ತಿದ್ದ. ಗುಡಿಯಲ್ಲಿ ತೀರ್ಥ ಕೊಟ್ಟರೆ ಪೂಜಾರಿ ಮೊದಲು ಕುಡಿಯಲಿ ಎಂದು ಕಾಯುತ್ತಿದ್ದ.

ವ್ಯಾಪಾರಿಯ ಅಂಗಳದಲ್ಲಿ ಒಂದು ವರಾಹ, ಒಂದು ದಿಗ್ಗಜ ನಿಂತಿದ್ದವು. ಗಿರಾಕಿಯನ್ನು ಕಂಡದ್ದೇ ವ್ಯಾಪಾರಿ ವರಾಹದ ಇಂಜಿನ್ ಚಾಲೂ ಮಾಡಿದ.

“ಆರಿಸು,” ಎಂದ ರೈತ. “ಹಲ್ಲು ನೋಡೂವಾಗ ದನ ನಿಂತಿರಬೇಕು.”

ವ್ಯಾಪಾರಿ ಆರಿಸಿದ. ಲೋಡರಿನ ಬಕೆಟ್ಟಿನ ತುದಿಗೆ ಮಣ್ಣು ಕಚ್ಚುವ ಕಬ್ಬಿಣದ ಹಲ್ಲುಗಳಿರುತ್ತವೆ. ರೈತ ಅವುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. ವರಾಹದ ಹಲ್ಲು ಹೊಸವಾಗಿ, ಚೂಪಾಗಿದ್ದವು. ದಿಗ್ಗಜದ ಹಲ್ಲು ಸವೆದು ಮೊಂಡಾಗಿದ್ದವು. ರೈತ ಒಂದೊಂದನ್ನೂ ಹೆಬ್ಬೆರಳಿನಿಂದ ತೀಡಿ ನೋಡಿ ಮೀಸೆಯಲ್ಲೇ ನಕ್ಕ. ದನದ ಸಂತೆಯಲ್ಲಿ ಮುದಿ ಎತ್ತಿನ ಹಲ್ಲನ್ನು ಅರದಿಂದ ಉಜ್ಜಿ ಹರೆಯದ್ದೆಂದು ಮಾರುವ ದಲ್ಲಾಳಿಗಳನ್ನು ಅವನು ಎಷ್ಟೋ ಸಲ ಹಿಡಿದುಕೊಟ್ಟಿದ್ದ. ಹಳೆಯ ಗಾಡಿಗೆ ಹೊಸ ಹಲ್ಲು! ಇವನೂ ಅವರ ಜಾತಿಯವನೇ ಎಂದುಕೊಂಡ.

ವ್ಯಾಪಾರಿ ಹೇಳಿದ: “ಯಜಮಾನ್ರ, ಹಲ್ಲು ಪಿನ್ನು ಬಡಿದರ ಬರ್ತಾವ, ಬಡಿದರ ಹೋಗ್ತಾವ. ಅದರಾಗ ಏನಿಲ್ಲ. ಕಂಪನಿ ಎರಡೂ ಚಲೋ ಅದಾವ. ಆದ್ರ ಈ ದಿಗ್ಗಜ ಓಡಿಸಿದವ ಇದನ್ನ ಕಲ್ಲಿನ ಮ್ಯಾಲೆ ಓಡಿಸ್ಯಾನ. ಬಗ್ಗಿ ನೋಡ್ರಿ, ಚೈನ್ ಪೂರಾ ಸವದೈತಿ. ಇದು ಬ್ಯಾಡ. ವರಾಹ ಒಯ್ರಿ.”

ರೈತ ಬಗ್ಗಲಿಲ್ಲ. ಬಗ್ಗಿದರೆ ವ್ಯಾಪಾರಿಯ ಮುಖದ ಮೇಲಿಂದ ಕಣ್ಣು ತೆಗೆಯಬೇಕಾಗುತ್ತಿತ್ತು. ತನ್ನ ಸರಕನ್ನು ತಾನೇ ಬೇಡ ಅನ್ನುವ ವ್ಯಾಪಾರಿ ಯಾವ ಊರಿನಲ್ಲಿದ್ದಾನೆ? ಇದರಲ್ಲಿ ಏನೋ ಇದೆ. ದಿಗ್ಗಜವನ್ನು ಬೇರೆ ಯಾರಿಗೋ ಇಟ್ಟುಕೊಂಡಿದ್ದಾನೆ. ಅದರ ಸೀಟಿನ ಮೇಲೆ ಒಂದು ಚಹಾದ ಲೋಟ ಇತ್ತು. ಯಾರೋ ಬೆಳಿಗ್ಗೆಯೇ ಬಂದು, ಕೂತು, ಮಾತು ಮುಗಿಸಿ ಹೋಗಿದ್ದಾರೆ. ಅಷ್ಟೇ ಅಲ್ಲ. ದಿಗ್ಗಜದ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿತ್ತು. ವರಾಹಕ್ಕೆ ಕಟ್ಟಿರಲಿಲ್ಲ. ಬೆಲೆ ಇಲ್ಲದ್ದಕ್ಕೆ ಯಾರಾದರೂ ದೃಷ್ಟಿ ತಾಗದಂತೆ ನಿಂಬೆಹಣ್ಣು ಕಟ್ಟುತ್ತಾರೆಯೆ?

“ಇದಕ್ಕ ಯಾಕ ನಿಂಬಿಹಣ್ಣು ಕಟ್ಟೀರಿ?” ಎಂದು ಕೇಳಿದ.

“ದಿನಾ ಕೆಟ್ಟು ನಿಲ್ತೈತ್ರಿ. ಅದಕ್ಕ ಕಟ್ಟೀವಿ.”

ರೈತ ವ್ಯಾಪಾರಿಯ ಮಾತು ನಂಬಲಿಲ್ಲ. ನಿಂಬೆಹಣ್ಣನ್ನು ನಂಬಿದ.

ವ್ಯಾಪಾರಿಗೂ ಬೇಸರ ಬಂತು. “ಹಂಗಾರ ಒಂದು ಕೆಲಸ ಮಾಡ್ರಿ. ಎರಡೂ ಗಾಡಿ ನಿಮ್ಮ ಹೊಲಕ್ಕ ಕಳಸ್ತೀನಿ. ಮಣ್ಣು ಎತ್ತಿಸಿ ನೋಡ್ರಿ. ಎತ್ತಿದ್ದನ್ನ ಇಟ್ಕೊಳ್ರಿ, ಎತ್ತಲಾರದ್ದನ್ನ ವಾಪಸ್ ಕಳಸ್ರಿ.”

ಆಹಾ, ಎಂದುಕೊಂಡ ರೈತ. ನನ್ನ ದಿನ್ನೆ ಎಷ್ಟು ಎತ್ತರ, ನನಗೆ ಎಷ್ಟು ಅವಸರ ಅನ್ನುವುದನ್ನು ಹೊಲಕ್ಕೇ ಬಂದು ಅಳೆಯುವ ಉಪಾಯ ಇದು. “ನೋಡೋದು ಎಲ್ಲಾ ಇಲ್ಲೇ ನೋಡೀನಿ,” ಎಂದ. “ದಿಗ್ಗಜ ಕೊಡು.”

ವ್ಯಾಪಾರಿ ಎರಡೂ ಕೈ ಮುಗಿದ. “ಚೈನ್ ಬಿಟ್ರ ನನ್ನ ಹತ್ರ ಬರಬ್ಯಾಡ್ರಿ ಮತ್ತ.”

ಹೊಟ್ಟೆ ಉರಿಯುತ್ತಿದೆ ಇವನಿಗೆ, ಎಂದು ರೈತ ಖುಷಿಪಟ್ಟ. ದಿಗ್ಗಜವನ್ನು ಲಾರಿಯ ಮೇಲೆ ಹೇರಿಸಿ ಊರಿಗೆ ತಂದ. ಅವನ ಹೆಂಡತಿ ಗಾಡಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು—

“ತಡೀರಿ ಅಜ್ಜಾರ,” ಎಂದ ಗಾದಿಲಿಂಗ. “ಮೊದಲು ಒಂಟಿ ಜೀವ ಅಂದ್ರಿ. ಈಗ ಹೆಂಡತಿ ಎಲ್ಲಿಂದ ಬಂದ್ಲು?”

“ಲಾರಿ ನಿಧಾನ ಬಂತು. ದಾರಿಯಲ್ಲಿ ಮದುವೆಯಾಯಿತು,” ಎಂದರು ಗುರುಗಳು.

ಗಾದಿಲಿಂಗ ಕಣ್ಣು ಕಿರಿದು ಮಾಡಿದ. ಗುರುಗಳು ಕತೆ ಬಿಟ್ಟಲ್ಲಿಂದ ಹಿಡಿದರು.

ಹೆಂಡತಿ ಕಾಯಿ ಒಡೆದು, ಹೋಳು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು. “ಹೂಡಿ ನೋಡಿ ತಂದ್ರ್ಯಾ?”

ಆ ರೈತ ತನ್ನ ಆಯುಷ್ಯದಲ್ಲಿ ಹೂಡಿ ನೋಡದೆ ಒಂದು ಎತ್ತನ್ನೂ ತಂದವನಲ್ಲ. ಹಲ್ಲು ನೋಡಿ, ಸುಳಿ ನೋಡಿ, ಗೊರಸು ನೋಡಿ, ಕೊನೆಗೆ ನೊಗ ಹೇರಿ ನಾಲ್ಕು ಸಾಲು ಹೊಡೆದು, ಆಮೇಲೇ ಹಗ್ಗ ಹಿಡಿಯುತ್ತಿದ್ದ.

“ಹೂಡಾಕ ಇದೇನು ಎತ್ತೇನ?” ಎಂದ ಅವನು.

“ಹಲ್ಲು ನೋಡೂವಾಗ ಎತ್ತಾಗಿತ್ತು, ಹೂಡೂವಾಗ ಎತ್ತಲ್ಲೇನು?” ಎಂದಳು ಅವಳು.

ಇವಳು ಯಾರ ಕಡೆಯವಳು ಎಂದು ರೈತ ಯೋಚಿಸಿದ.

ಮರುದಿನ ದಿಗ್ಗಜ ದಿನ್ನೆ ಹತ್ತಿತು. ಬಕೆಟ್ ಇಳಿಸಿ ಒಂದು ಬಾಯಿ ಮಣ್ಣು ಕಚ್ಚಿತು. ತುಂಬಿದ ಬಕೆಟ್ ಎತ್ತಿಕೊಂಡು ತಿರುಗುವಾಗ ಎಡಗಡೆಯ ಚೈನ್ ಕಳಚಿ ನೆಲಕ್ಕೆ ಬಿತ್ತು. ಕೂಡಿಸಿದರು. ಮತ್ತೆ ತಿರುಗುವಾಗ ಮತ್ತೆ ಬಿತ್ತು. ಮೂರನೆಯ ಸಲ ಕೂಡಿಸಲು ಬಂದವನು ಸಾಮಾನು ಚೀಲಕ್ಕೆ ತುಂಬಿಕೊಂಡು, ಇದಕ್ಕೆ ಹೊಸ ಚೈನೇ ಬೇಕು, ತರಿಸುವುದರೊಳಗೆ ಕಾಲುವೆಗೆ ನೀರು ಬರುತ್ತದೆ ಎಂದು ಹೇಳಿ ಹೋದ.

ನೀರು ಬಂತು. ದಿನ್ನೆಯ ಬುಡದವರೆಗೆ ಬಂತು, ಮೇಲಕ್ಕೆ ನೋಡಿತು, ಮುಂದೆ ಹೋಯಿತು.

ಮುಂದಿನ ಹೊಲದವನದೂ ದಿನ್ನೆಯೇ ಆಗಿತ್ತು. ಅವನೂ ಅದೇ ವ್ಯಾಪಾರಿಯ ಬಳಿ ಹೋಗಿದ್ದ. ಉಳಿದದ್ದು ವರಾಹ ಒಂದೇ. ಒಂದು ದಿನ ಹೊಲಕ್ಕೆ ತರಿಸಿ, ಮಣ್ಣು ಎತ್ತಿಸಿ ನೋಡಿ ಕೊಂಡಿದ್ದ. ಅವನ ಹೊಲ ಈಗ ಕಾಲುವೆಗಿಂತ ತಗ್ಗಿನಲ್ಲಿತ್ತು. ರೈತನ ಪಾಲಿನ ನೀರೂ ಅವನ ತೂಬಿನಲ್ಲೇ ಇಳಿಯಿತು.

ರೈತ ದಿಗ್ಗಜದ ಬಕೆಟ್ಟಿನ ಮೇಲೆ, ಆ ಮೊಂಡ ಹಲ್ಲುಗಳ ಮೇಲೆ ಕಾಲು ಇಳಿಬಿಟ್ಟು ಕೂತು ಅದನ್ನೆಲ್ಲ ನೋಡಿದ. ಹೆಂಡತಿ ಬುತ್ತಿ ತಂದಳು. ಅವನು ರೊಟ್ಟಿ ಮುರಿಯುತ್ತ ಹೇಳಿದ: “ನನಗ ಈಗ ತಿಳೀತು ನೋಡು. ವ್ಯಾಪಾರಿ ಮತ್ತ ಇವ, ಇಬ್ಬರೂ ಕೂಡೇ ಅದಾರ.”

ಗುರುಗಳು ಕತೆ ನಿಲ್ಲಿಸಿದರು.

ಕತೆಯಲ್ಲಿ ಗಾದಿಲಿಂಗನಿಗೆ ಹಿಡಿಸಿದ್ದೂ ಇತ್ತು, ಹಿಡಿಸದ್ದೂ ಇತ್ತು. ಅವನು ಮುಂದಕ್ಕೆ ಸರಿದು, ದನಿ ಇಳಿಸಿ ಕೇಳಿದ.

“ಅಜ್ಜಾರ, ನನ್ನ ವ್ಯಾಪಾರಿನೂ ದಿಗ್ಗಜ ಬ್ಯಾಡ ಅಂತ ಹೇಳ್ಯಾನ. ಅದನ್ನ ನಾ ನಿಮಗ ಹೇಳಿರಲಿಲ್ಲ. ನಿಮ್ಮ ಕತಿಯೊಳಗ ಅದು ಹೆಂಗ ಬಂತು?”

ಗುರುಗಳು ಮಡಿಸಿದ ಕಾಲು ಬಿಡಿಸಿದರು.

“ಖರೇ ಹೇಳ್ರಿ. ಅವ ನಿಮಗ ಪರಿಚಯ ಏನು?”

ಬಾಳೆಹಣ್ಣಿನ ಸಿಪ್ಪೆ ಇನ್ನೂ ಗಾದಿಲಿಂಗನ ಕೈಯಲ್ಲೇ ಇತ್ತು. ಗುರುಗಳು ಅದರ ಕಡೆ ಬೆರಳು ತೋರಿಸಿದರು.

“ಹೌದು, ಪರಿಚಯವೇ. ನೀನು ಈಗ ತಿಂದ ಹಣ್ಣು ಅವನು ಮೊನ್ನೆ ಮಠಕ್ಕೆ ತಂದುಕೊಟ್ಟ ಗೊನೆಯದು. ಆದರೂ ಗಾದಿಲಿಂಗ, ದಿಗ್ಗಜ ಬೇಡ.”