ಗುಡಗುಡಿಯ ನೀರು

ಮಾಂಜ್ರಾ ಹೊಳೆ ಬಳಸಿ ತಿರುಗುವಲ್ಲಿ ಒಂದು ಚಿಕ್ಕ ಮಠ. ಅಲ್ಲಿ ಇದ್ದವರು ಇಬ್ಬರೇ: ಗುರು ನಿರ್ವಾಣಯ್ಯ, ಶಿಷ್ಯ ಅಡಿವೆಯ್ಯ.

ಇಬ್ಬರೂ ಹೊಗೆ ಸೇದುವವರಲ್ಲ. ಆದರೂ ಮಠದ ಉಗ್ರಾಣದಲ್ಲಿ, ಹೊಗೆಯನ್ನು ನೀರಿನಲ್ಲಿ ಹಾಯಿಸಿ ತಂಪಾಗಿ ಸೇದುವ ಗುಡಗುಡಿಗಳಿದ್ದವು.

ಅದು ಆ ಸೀಮೆಯ ಪದ್ಧತಿ. ಊರವರು ಒಬ್ಬನನ್ನು ಹೊರಗಿಟ್ಟರೆ ಮೊದಲು ನಿಲ್ಲುವುದು ಕೂಡಿ ಸೇದುವ ಗುಡಗುಡಿ. ಆಮೇಲೆ ಬೆಂಕಿ ಇಲ್ಲ, ನೀರಿಲ್ಲ, ಹೆಣಕ್ಕೆ ಹೆಗಲಿಲ್ಲ. ಅವನನ್ನು ಮರಳಿ ಕರೆದುಕೊಳ್ಳಬೇಕಾದರೆ ಎಲ್ಲರೂ ಮಠದ ಅಂಗಳಕ್ಕೆ ಬರಬೇಕು. ಮಠದವರ ಕೈಯೇ ಗುಡಗುಡಿ ಹೂಡಬೇಕು. ಊರಗೌಡ ಮೊದಲು ಸೇದಿ ಅದನ್ನು ಹೊರಗಿಟ್ಟವನ ಕೈಗೆ ಕೊಡಬೇಕು.

ಒಮ್ಮೆ ಇಟ್ಟ ಕೆಂಡ ಬದಲಿಸುವಂತಿಲ್ಲ. ಆ ಕೈಗೆ ಸೇರುವ ಮೊದಲೇ ಕೆಂಡ ಆರಿತೋ, ಮಾತು ಮುಗಿಯಿತು.

ಇಷ್ಟು ವರ್ಷ ಗುಡಗುಡಿ ಹೂಡುತ್ತಿದ್ದವರು ಗುರುವೇ. ಹೂಡಿದ ಮೇಲೆ ಕೊಳವೆಗೆ ಬಾಯಿಟ್ಟು ಒಮ್ಮೆ ಎಳೆದು ನೋಡುತ್ತಿದ್ದರು. ಆಗೆಲ್ಲ ಅಡಿವೆಯ್ಯ ಮುಖ ಆಚೆ ತಿರುಗಿಸುತ್ತಿದ್ದ. ದೀಕ್ಷೆಯ ದಿನ ಅವನೊಂದು ವ್ರತ ಹಿಡಿದಿದ್ದ: ಹೊಗೆ ಹಾಯ್ದ ಯಾವುದನ್ನೂ ತುಟಿಗೆ ಮುಟ್ಟಿಸುವುದಿಲ್ಲ. ಗುರು ಕೇಳಿದ ವ್ರತವಲ್ಲ ಅದು. ತಾನೇ ಹಿಡಿದದ್ದು, ತಾನೇ ಕಾದದ್ದು.

"ಅಡಿವೆಯ್ಯನ ಬಾಯಿ ಅಂದ್ರ ತೊಳೆದಿಟ್ಟ ಗಿಂಡಿ" ಎಂದು ಊರವರು ಅನ್ನುತ್ತಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು.

ಚಳಿಗಾಲದಲ್ಲಿ ಗುರುವಿಗೆ ಕೆಮ್ಮು ಹಿಡಿಯಿತು. ಬೇಸಿಗೆ ಬಂದರೂ ಬಿಡಲಿಲ್ಲ.

"ಇವತ್ತು ನೀ ಹೂಡು," ಎಂದರು ಗುರು ಒಂದು ಮುಂಜಾನೆ. "ನನ್ನ ಎದಿಯೊಳಗ ಉಸಿರಿಲ್ಲ."

"ಯಾರಿಗ್ರಿ?"

"ಕಾಶಪ್ಪಗ."

ಅಡಿವೆಯ್ಯ ನೆಟ್ಟಗಾದ. ಕಾಶಪ್ಪನ ಕಥೆ ಅವನಿಗೆ ಗೊತ್ತಿತ್ತು. ಊರಗೌಡನಾದ ಬಂಡೆಪ್ಪಗೌಡನ ತಮ್ಮ ಪಕ್ಕದವರ ಹೊಲದ ಬಾಂದುಗಲ್ಲು ಸರಿಸಿದ್ದ. ತಾನು ಕಂಡದ್ದನ್ನು ಕಾಶಪ್ಪ ಕೋರ್ಟಿನಲ್ಲಿ ನಿಂತು ಹೇಳಿದ. ಅಂದಿನಿಂದ ಊರು ಅವನನ್ನು ಹೊರಗಿಟ್ಟಿತು. ಹೆಂಡತಿ ಸತ್ತಾಗ ಅವನೂ ಮಗಳು ನೀಲವ್ವಳೂ ಹೆಣವನ್ನು ಚಕ್ಕಡಿಯ ಮೇಲೆ ಹಾಕಿಕೊಂಡು ಹೊಳೆದಂಡೆಗೆ ಬಂದಿದ್ದರು.

"ನೀಲವ್ವನ ಲಗ್ನ ಕೂಡಿಬಂದದ," ಎಂದರು ಗುರು. "ಊರ ಗುಡಗುಡಿ ಇಲ್ಲದ ಮನಿಗಿ ನಾವು ದಿಬ್ಬಣ ತರಂಗಿಲ್ಲ ಅಂತ ಗಂಡಿನವರು ಹೇಳಿ ಕಳಿಸ್ಯಾರ. ನಾಳಿಗಿ ಅವರಿಗೆ ಮಾತು ಮುಟ್ಟಬೇಕು."

"ಗೌಡ ಒಪ್ಪ್ಯಾನೇನ್ರಿ?"

"ಬರ್ತೀನಿ ಅಂದಾನ. ಕೊಡ್ತೀನಿ ಅಂದಿಲ್ಲ."

ಅಡಿವೆಯ್ಯ ಉಗ್ರಾಣಕ್ಕೆ ಹೋದ. ಅಲ್ಲಿ ನೀರು ತುಂಬುವ ಬುರುಡೆಗಳು ಮೂರಿದ್ದವು. ಒಂದು ತೆಂಗಿನ ಚಿಪ್ಪಿನದು, ಎಣ್ಣೆ ಕುಡಿದು ಕಪ್ಪಗಾಗಿತ್ತು. ಇನ್ನೊಂದು ಹಿತ್ತಾಳೆಯದು, ಹೊಟ್ಟೆ ನೆಗ್ಗಿತ್ತು. ಮೂರನೆಯದು ಬಿದರಿಯದು: ಕಪ್ಪು ಲೋಹದ ಮೇಲೆ ಬೆಳ್ಳಿಯ ಬಳ್ಳಿ. ಹಿಂದೆ ಯಾರೋ ಜಹಗೀರದಾರರು ಕೊಟ್ಟದ್ದು, ಬಳಸಿದವರಿಲ್ಲ.

ಅವನು ಬಿದರಿಯದನ್ನು ಎತ್ತಿಕೊಂಡ.

"ಅದೇ ಯಾಕ?" ಎಂದರು ಗುರು.

"ದೊಡ್ಡ ಮಂದಿ ಬರ್ತಾರ್ರಿ. ದೊಡ್ಡ ಕೆಲಸ."

"ಅದರ ಕೊರಳು ಅಗಲ ಅದ."

"ಬಿಗಿಯಾಗಿ ಸುತ್ತತೀನಿ."

ಗುರು ಕೆಮ್ಮುತ್ತ ಗೋಡೆಗೆ ಒರಗಿದರು.

ಅಡಿವೆಯ್ಯ ಅಚ್ಚುಕಟ್ಟಿನ ಮನುಷ್ಯ. ಬೂದಿ, ಹುಣಸೆಹಣ್ಣು ಹಾಕಿ ಉಜ್ಜಿದರೆ ಬಿದರಿಯ ಕಪ್ಪು ಮಾಸುತ್ತದೆಂದು ಮೆತ್ತನೆ ಬಟ್ಟೆಯಿಂದ ಒರೆಸಿದ. ಮೊಣಕಾಲುದ್ದದ ನೀರಿಗಿಳಿದು, ಅಲ್ಲಿಯ ನೀರು ಒಪ್ಪದೆ, ನಡುಹೊಳೆಗೆ ಹೋಗಿ ಕೊಡ ತುಂಬಿ ತಂದ. ನೆಟ್ಟಗಿನ ನಳಿಗೆಯನ್ನು ಬುರುಡೆಯೊಳಗೆ ಇಳಿಸಿ, ಅದರ ತುದಿ ಎರಡು ಬೆರಳು ಮುಳುಗುವಷ್ಟೇ ನೀರು ಹೊಯ್ದ. ಹೆಚ್ಚಾದರೆ ಬಾಯಿಗೆ ನೀರು ಬರುತ್ತದೆ, ಕಡಿಮೆಯಾದರೆ ಗಂಟಲು ಸುಡುತ್ತದೆ. ಗುರು ಮಾಡುವುದನ್ನು ಅವನು ನೋಡಿದ್ದನಲ್ಲ.

ನಳಿಗೆಗೂ ಬುರುಡೆಯ ಕೊರಳಿಗೂ ನಡುವೆ ಸಂದು ಉಳಿಯಿತು. ಅದಕ್ಕೆ ಸುತ್ತಲು ಗುರು ಹಳೆಯ ಒದ್ದೆ ಚಿಂದಿ ಬಳಸುತ್ತಿದ್ದರು. ಅಡಿವೆಯ್ಯನಿಗೆ ಅದು ಹೇಸಿಗೆ. ಗಂಜಿಯ ವಾಸನೆ ಹೋಗದ ಹೊಸ ಬಟ್ಟೆಯ ಅಂಚು ಹರಿದು, ಒಣಗಿದ್ದಂತೆಯೇ, ಒಂದು ಮಡಿಕೆಯೂ ಆಚೀಚೆ ಆಗದಂತೆ ಸುತ್ತಿದ. ಪಕ್ಕದಲ್ಲಿ, ಎಲ್ಲ ಗುಡಗುಡಿಗೂ ಬಳಸುವ ಹಳೆಯ ಸೇದುವ ಕೊಳವೆ ಸಿಕ್ಕಿಸಿದ. ನಳಿಗೆಯ ತಲೆಯ ಮೇಲೆ ಮಣ್ಣಿನ ಚಿಲುಮೆ ಕೂರಿಸಿ, ಪುಡಿ ಕೆಳಗೆ ಜಾರದಂತೆ ಅದರ ತೂತಿಗೊಂದು ಕಲ್ಲಿನ ಹರಳು ಇಟ್ಟು, ಬೆಲ್ಲ ಕಲಸಿದ ತಂಬಾಕು ತುಂಬಿದ.

ನೋಡಲು ದೇವರ ಗದ್ದುಗೆಯ ಮೇಲಿಡುವಂತಿತ್ತು.

ಗುರು ಗೋಡೆಗೆ ಒರಗಿಕೊಂಡೇ ಕೇಳಿದರು: "ಉಸಿರು ನೋಡಿದಿ?"

ನಳಿಗೆಯ ತಲೆಗೆ ಅಂಗೈ ಮುಚ್ಚಿ, ಕೊಳವೆಗೆ ಬಾಯಿಟ್ಟು ಎಳೆಯುವುದು, ಗಾಳಿ ಬರಬಾರದು. ಅದು ಉಸಿರು ನೋಡುವುದು.

"ಎಲ್ಲಾ ನೋಡೀನ್ರಿ," ಎಂದ ಅಡಿವೆಯ್ಯ.

ಗುರು ಅವನ ತುಟಿಗಳನ್ನು ನೋಡಿದರು. ಕಣ್ಣು ಮುಚ್ಚಿದರು.

ಹೊತ್ತು ಇಳಿಯುವಾಗ ಊರವರು ಬಂದರು. ಬಂಡೆಪ್ಪಗೌಡ ಜಮಖಾನೆಯ ಮೇಲೆ ಕೂತ. ಹಿರಿಯರು ಅವನ ಎಡಬಲಕ್ಕೆ. ಕಾಶಪ್ಪ ಅಂಗಳದ ಅಂಚಿನಲ್ಲಿ, ಬರಿ ನೆಲದ ಮೇಲೆ. ಅವನ ಹಿಂದೆ ಬೇವಿನ ಮರದ ಬೊಡ್ಡೆಗೆ ಕೈಯೂರಿ ನೀಲವ್ವ ನಿಂತಿದ್ದಳು.

"ಒಂದು ಮಾತು ಮೊದಲೇ ಹೇಳ್ತೀನಿ," ಎಂದ ಗೌಡ. "ಅಂವ ಖರೇ ಹೇಳಿದ ಅಂತ ನಾವು ಹೊರಗಿಟ್ಟಿಲ್ಲ. ಊರ ಮಾತು ಊರ ಹೊರಗ ಒಯ್ದ, ಅದಕ್ಕ."

"ಊರೊಳಗ ಹೇಳಿದಾಗ ಊರಿಗಿ ಕಿವಿ ಇತ್ತೇನ್ರಿ ಗೌಡ್ರ?" ಎಂದ ಕಾಶಪ್ಪ.

"ನೋಡ್ರಿ. ಇನ್ನೂ ನಾಲಗಿ ಬಗ್ಗಿಲ್ಲ."

"ಕೆಂಡ ತಾ, ಅಡಿವೆಯ್ಯ," ಎಂದರು ಗುರು.

ಅಡಿವೆಯ್ಯ ಜಾಲಿಯ ಕೆಂಡ ತಂದು ಚಿಲುಮೆಯ ಮೇಲಿಟ್ಟ. ಗುಡಗುಡಿಯನ್ನು ಗೌಡನ ಮುಂದೆ ಇರಿಸಿದ. ಬೆಳ್ಳಿಯ ಬಳ್ಳಿ ಇಳಿಬಿಸಿಲಿಗೆ ಹೊಳೆಯಿತು. ಹಿರಿಯನೊಬ್ಬ "ಆಹಾ" ಎಂದ.

ಗೌಡ ಕೊಳವೆ ಬಾಯಿಗಿಟ್ಟು ಎಳೆದ.

ಸದ್ದಿಲ್ಲ.

ಮತ್ತೆ ಎಳೆದ. ಕೆನ್ನೆ ಒಳಗೆ ಹೋದವು. ಬುರುಡೆಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಬಾಯಿಂದ ಬಂದದ್ದು ಬರೀ ಗಾಳಿ.

ಅವನು ಕೊಳವೆಯನ್ನು ಕೆಳಗಿಟ್ಟ. "ಮೂಗ ಅದ ನಿಮ್ಮ ಗುಡಗುಡಿ, ಅಜ್ಜಾರ."

"ಆಹಾ" ಎಂದಿದ್ದ ಹಿರಿಯ ಈಗ ತಲೆಯಾಡಿಸಿದ. "ಅದು ಹಂಗ ಸುಮ್ಮನಾಗಂಗಿಲ್ಲ. ದೋಷ ಇದ್ದಲ್ಲಿ ಸುಮ್ಮನಾಗ್ತದ. ಕಾಶಪ್ಪನ ದೋಷ ಅದು ತೋರಸ್ಲತ್ತದ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಹೌದು, ಹೌದು ಎಂದರು. ಒಬ್ಬ ಹೆಗಲಿನ ಟವೆಲ್ ಕೊಡವಿ ಏಳತೊಡಗಿದ.

"ಗುಡಗುಡಿನೇ ನ್ಯಾಯ ಹೇಳೂದಿತ್ತಂದ್ರ," ಎಂದಳು ನೀಲವ್ವ ಮರದ ಬುಡದಿಂದ, "ಅವತ್ತು ಕಲ್ಲು ಸರಿಸಿದವರ ಬಾಯಿಗೂ ಒಂದು ಸಲ ಇಡಬೇಕಿತ್ತು."

"ನೀಲಾ!" ಎಂದ ಕಾಶಪ್ಪ.

ಕೆಂಡದ ಮೇಲೆ ಬೂದಿ ಕೂಡತೊಡಗಿತ್ತು. ಅದನ್ನು ಎಲ್ಲರೂ ನೋಡುತ್ತಿದ್ದರು.

ಗುರು ಗುಡಗುಡಿಯನ್ನು ತಮ್ಮೆಡೆಗೆ ಎಳೆದುಕೊಂಡರು. ಕೊಳವೆ ಬಾಯಿಗಿಟ್ಟರು. ಎಳೆಯುವ ಮೊದಲೇ ಕೆಮ್ಮು ಬಂತು. ಮೈಯೆಲ್ಲ ಅಲುಗಿತು. ಕೊಳವೆ ಕೈಯಿಂದ ಜಾರಿತು.

ಅವರು ಎದೆ ಹಿಡಿದುಕೊಂಡು ಶಿಷ್ಯನ ಕಡೆ ತಿರುಗಿದರು.

"ಉಸಿರು ನೋಡಿದಿ?"

ಅದೇ ಪ್ರಶ್ನೆ. ಈಗ ಊರೆಲ್ಲ ಕೇಳುತ್ತಿತ್ತು.

ಅಡಿವೆಯ್ಯ ಅಂಗಳದ ಅಂಚಿನ ಕಡೆ ನೋಡಿದ. ಕಾಶಪ್ಪ ಅವನನ್ನೇ ನೋಡುತ್ತಿದ್ದ. ಕಂಡದ್ದನ್ನು ಕಂಡಂತೆ ಹೇಳಿ ಎಲ್ಲವನ್ನೂ ಕಳೆದುಕೊಂಡ ಮನುಷ್ಯ.

"ಇಲ್ಲ," ಎಂದ ಅಡಿವೆಯ್ಯ.

"ಮುಂಜಾನಿ ನೋಡೀನಿ ಅಂದಿ."

"ನೋಡಿಲ್ಲ. ಬಾಯಿ ಇಡಬೇಕಾಗ್ತದ ಅಂತ ನೋಡಿಲ್ಲ."

ಗೌಡ ಹುಬ್ಬೇರಿಸಿದ. "ಅಂದ್ರ ದೋಷ ಹೂಡಿದವನದು?"

"ಹೂಡಿದವನದೇ ಇರಬೇಕ್ರಿ."

"ಇರಬೇಕು ಅಂದ್ರ ನಡಿಯಂಗಿಲ್ಲ. ಎಲ್ಲಿ ಅದ ತೋರಿಸು. ಇಲ್ಲಾ ನಾವು ಹೊಂಟಿವಿ."

ಗುರು ಗುಡಗುಡಿಯನ್ನು ಶಿಷ್ಯನ ಮುಂದಕ್ಕೆ ತಳ್ಳಿದರು.

ಊರವರು ಅದನ್ನು ಬಿಚ್ಚಿ ಹೂಡುವಂತಿಲ್ಲ. ಕಾಶಪ್ಪ ಮುಟ್ಟುವಂತೆಯೇ ಇಲ್ಲ. ಗುರುವಿಗೆ ಉಸಿರಿಲ್ಲ. ಅಂಗಳದಲ್ಲಿ ಉಳಿದದ್ದು ಒಂದೇ ಬಾಯಿ.

ಕೆಂಡದ ಕೆಂಪು ಬೂದಿಯ ಅಡಿ ಸಣ್ಣದಾಗುತ್ತಿತ್ತು.

ಅಡಿವೆಯ್ಯ ಮಂಡಿಯೂರಿದ. ಚಿಲುಮೆಯನ್ನು ಕೆಂಡದ ಸಮೇತ ಎತ್ತಿ ಕಲ್ಲಿನ ಮೇಲಿಟ್ಟ. ನಳಿಗೆಯ ತಲೆಗೆ ಅಂಗೈ ಒತ್ತಿದ. ಕೊಳವೆಯ ತುದಿ ಇನ್ನೂ ಗೌಡನ ಎಂಜಲಿನಿಂದ ಒದ್ದೆಯಾಗಿತ್ತು. ಒರೆಸಿಕೊಳ್ಳಲು ಕೈ ಎತ್ತಿದ.

ಒರೆಸಲಿಲ್ಲ. ಬಾಯಿಟ್ಟು ಎಳೆದ.

ಗಾಳಿ ಧಾರಾಳವಾಗಿ ಬಂತು. ಎಲ್ಲೋ ಸುಸ್ ಎಂದಿತು. ಬೆರಳು ಒದ್ದೆ ಮಾಡಿಕೊಂಡು ಕೊರಳಿನ ಸುತ್ತ ಆಡಿಸಿದ. ಹೊಸ ಬಟ್ಟೆಯ ಅಂಚಿನಲ್ಲಿ ಬೆರಳು ತಣ್ಣಗಾಯಿತು.

"ಇಲ್ಲಿ," ಎಂದ. "ನನ್ನ ಬಟ್ಟಿ. ಒಣಾದು, ಸೆಟದದ. ಸಂದು ಮುಚ್ಚಿಲ್ಲ."

"ಚಂದ ಸುತ್ತಿದ್ದಿಪ್ಪ," ಎಂದ "ಆಹಾ" ಎಂದಿದ್ದ ಹಿರಿಯ. ಯಾರೋ ಮುಸಿ ಮುಸಿ ನಕ್ಕರು.

ಅಡಿವೆಯ್ಯ ಆ ಬಟ್ಟೆಯನ್ನು ಕಿತ್ತೆಸೆದ. ತನ್ನ ಹೆಗಲ ಮೇಲಿನ ಹಳೆಯ ಕಾವಿಯ ತುದಿ ಹರಿದು, ಕೊಡದ ನೀರಲ್ಲಿ ಅದ್ದಿ, ಕೊರಳಿಗೆ ಗಟ್ಟಿಯಾಗಿ ಸುತ್ತಿದ. ಈ ಸಲ ಮಡಿಕೆ ನೋಡಲಿಲ್ಲ. ಮತ್ತೆ ಅಂಗೈ ಮುಚ್ಚಿ ಎಳೆದ. ಅಂಗೈಯ ಚರ್ಮ ನಳಿಗೆಯೊಳಗೆ ಜಗ್ಗಿತು. ಗಾಳಿ ಬರಲಿಲ್ಲ.

ಚಿಲುಮೆಯನ್ನು ಮತ್ತೆ ಕೂರಿಸಿದ. ಕೆಂಡ ಕಪ್ಪಾಗಿತ್ತು. ನಡುವೆ ಮಾತ್ರ ಸಾಸಿವೆಯಷ್ಟು ಕೆಂಪು.

"ಆರಿತು," ಎಂದ ಟವೆಲ್ ಕೊಡವಿದವನು.

"ಆರಿಲ್ಲ," ಎಂದ ಕಾಶಪ್ಪ.

ಅದನ್ನು ಎಬ್ಬಿಸಬೇಕಾದರೆ ಸೇದಬೇಕು. ಇಲ್ಲಿಯವರೆಗೆ ಬಂದದ್ದು ಗಾಳಿ. ಇನ್ನು ಬರುವುದು ಹೊಗೆ.

ಅಡಿವೆಯ್ಯ ಗುರುವಿನ ಕಡೆ ನೋಡಿದ. ಗುರು ಹೊಳೆಯ ಕಡೆ ನೋಡುತ್ತಿದ್ದರು.

ಅವನು ಕಣ್ಣು ಮುಚ್ಚಿ ಎಳೆದ.

ಬುರುಡೆಯಲ್ಲಿ ಒಂದು ಗುಳ್ಳೆ ಎದ್ದಿತು. ಇನ್ನೊಂದು. ಆಮೇಲೆ ಗುಡುಗುಡು ಎಂದು ತುಂಬುದನಿ. ಬೂದಿ ಬಿರಿದು ಕೆಂಡ ಕೆಂಪಾಯಿತು. ಹೊಗೆ ಮೂಗಿಗೆ, ಗಂಟಲಿಗೆ, ಕಣ್ಣಿಗೆ ಹೊಕ್ಕಿತು. ಅವನು ಬಗ್ಗಿ ಕೆಮ್ಮಿದ. ಕಣ್ಣಲ್ಲಿ, ಮೂಗಲ್ಲಿ ನೀರು ಸುರಿಯಿತು.

"ಗಿಂಡಿ ಸೋರಲತ್ತದ," ಎಂದ ಅದೇ ಹಿರಿಯ. ಈ ಸಲ ಎಲ್ಲರೂ ನಕ್ಕರು.

ಬಂಡೆಪ್ಪಗೌಡ ನಗಲಿಲ್ಲ. ಆ ಶಿಷ್ಯನನ್ನೇ ನೋಡುತ್ತ ಕೊಳವೆಗಾಗಿ ಕೈಚಾಚಿದ. ಸೇದಿದ. ಗುಡಗುಡಿ ನುಡಿಯಿತು. ಹೊಗೆ ಬಿಟ್ಟ.

ಕೊಳವೆ ಅವನ ಕೈಯಲ್ಲೇ ಉಳಿಯಿತು.

ನಗು ನಿಂತಿತು. ಕಾಶಪ್ಪ ಕುಳಿತಲ್ಲೇ ಇದ್ದ. ಅವನ ಎರಡೂ ಅಂಗೈ ಮೊಣಕಾಲ ಮೇಲೆ ಮೇಲ್ಮುಖವಾಗಿದ್ದವು. ನೀಲವ್ವ ಮರದ ತೊಗಟೆಯನ್ನು ಉಗುರಿನಿಂದ ಕೀಳುತ್ತಿದ್ದಳು. ಆ ಸದ್ದು ಅಂಗಳದ ತುಂಬ ಕೇಳುತ್ತಿತ್ತು.

ಗೌಡ ಕೆಂಡ ನೋಡಿದ. ಕಾಶಪ್ಪನನ್ನು ನೋಡಿದ. ಮತ್ತೆ ಕೆಂಡ ನೋಡಿದ.

"ಏ ಕಾಶ್ಯಾ," ಎಂದ ಕೊನೆಗೆ, ಗದರುವ ದನಿಯಲ್ಲಿ. "ಆರೂದ್ರೊಳಗ ಹಿಡಿ ಇದನ್ನ."

ಕಾಶಪ್ಪ ಎದ್ದು ಬಂದ. ಜಮಖಾನೆಯ ಅಂಚಿನಲ್ಲಿ ತಡೆದು ನಿಂತ.

"ಕೂಡೋ ಮಾರಾಯ. ನಿಂತು ಸೇದ್ತಿಯೇನು?"

ಕೂತ. ಎರಡೂ ಕೈಯಲ್ಲಿ ಕೊಳವೆ ಹಿಡಿದು ಸೇದಿದ. ಹೊಗೆಯನ್ನು ಬಹಳ ಹೊತ್ತು ಒಳಗೇ ಇಟ್ಟುಕೊಂಡ.

"ಹೆಂಗದ?" ಎಂದ ಗೌಡ, ಬೇರೆ ಕಡೆ ನೋಡುತ್ತ.

"ತಂಪ ಅದ್ರಿ."

ಊರವರು ಹೋದರು. ನೀಲವ್ವ ಹೋಗುವಾಗ ಅಡಿವೆಯ್ಯನ ಕಾಲಿಗೆ ಬಗ್ಗಿದಳು. ಅವನು ಹಿಂದಕ್ಕೆ ಸರಿದ, ಬಾಯಿಗೆ ಬಟ್ಟೆ ಅಡ್ಡ ಹಿಡಿದುಕೊಂಡು.

ಹೊಳೆಗೆ ಹೋಗಿ ಮರಳಿನಿಂದ ಹಲ್ಲು ಉಜ್ಜಿದ. ಬೇವಿನ ಸೊಪ್ಪು ಅಗಿದು ಉಗುಳಿದ. ವಾಸನೆ ಹೋಗಲಿಲ್ಲ. ಬಂದು ಗುರುವಿನ ಮುಂದೆ ನಿಂತ.

"ಮುಂಜಾನಿ ನಿಮ್ಮ ಮುಂದ ಸುಳ್ಳು ಹೇಳಿದೆ," ಎಂದ.

"ಅದು ಅಂಗಳದಾಗ ತೀರಿತು."

"ವ್ರತ ಮುರೀತು. ಹೊಗಿ ಕುಡದೆ. ಎಂಜಲಕ್ಕ ಬಾಯಿ ಇಟ್ಟೆ."

"ಹೂಂ."

"ಪ್ರಾಯಶ್ಚಿತ್ತ ಹೇಳ್ರಿ. ಎಂಥಾದ್ದಿದ್ರೂ ಮಾಡ್ತೀನಿ."

"ಆ ಬುರುಡಿ ತಾ," ಎಂದರು ಗುರು.

ಅಡಿವೆಯ್ಯ ತಂದ. ನಳಿಗೆ ಕಿತ್ತು, ಗುರು ತೋರಿಸಿದ ಕಂಚಿನ ತಟ್ಟೆಗೆ ನೀರು ಸುರಿದ. ಕಂದು ಬಣ್ಣ. ಮೇಲೆ ಹಳದಿ ನೊರೆ. ಅವನು ಮುಖ ತಿರುಗಿಸಿದ.

"ನೋಡು," ಎಂದರು ಗುರು.

ನೋಡಿದ.

"ಈ ನೀರು ಎಲ್ಲೀದು?"

"ನಡುಹೊಳಿದ್ರಿ. ನಾನೇ ತಂದೆ."

"ತಂದಾಗ ಹೆಂಗಿತ್ತು?"

"ತಳ ಕಾಣ್ತಿತ್ತು."

"ಈಗ?"

"ನಾರಲತ್ತದ. ಮುಟ್ಟಂಗಿಲ್ಲ."

ಗುರುವಿಗೆ ಕೆಮ್ಮು ಬಂತು. ಅದು ತಗ್ಗುವವರೆಗೆ ಅಡಿವೆಯ್ಯ ತಟ್ಟೆ ಹಿಡಿದು ಕಾದ.

"ಕಾಶಪ್ಪಗ ಹೊಗಿ ತಂಪ ಮಾಡಿ ಕೊಟ್ಟದ್ದು ಇದೇ ನೀರು. ಹಂಗಾದ್ರ," ಎಂದರು ಗುರು, "ಮೊದಲು ಅದಕ್ಕೊಂದು ಪ್ರಾಯಶ್ಚಿತ್ತ ಹೇಳಿ ಬಾ."