ಮುಗಿಲಿಯ ಸೊಟ್ಟ ಲಾಳ

ಒಂದಾನೊಂದು ಕಾಲದಲ್ಲಿ, ಮೋಡಗಳು ಇನ್ನೂ ಕೈ ಚಾಚಿದ್ರೆ ಸಿಗೋವಷ್ಟು ಕೆಳಗೇ ತೇಲ್ತಿದ್ದಾಗ, ಹೊಳೆ ಪಕ್ಕ ಒಂದು ಊರಿತ್ತಂತೆ ಪುಟ್ಟಾ, ಆ ಹೊಳೆಗೆ ಒಂದು ಅಭ್ಯಾಸ ಅಂತೆ, ಕೇಳು ಕೇಳು, ವರ್ಷಕ್ಕೊಂದು ಸಲ ಎದ್ದು ಊರೊಳಗೇ ಬಂದು, ಮೂರು ತಿಂಗಳು ಎಲ್ಲರ ಮನೇಲೂ ಮಲ್ಕೊಂಡುಬಿಡೋದಂತೆ! ನೆಂಟರ ಹಾಗೆ! ಅದಕ್ಕೇ ಹೊಳೆ ಬರೋ ಮುಂಚೆ ಊರಿಗೂರೇ, ಕೋಳಿ, ಕುರಿ, ಒನಕೆ, ತೊಟ್ಟಿಲು ಎಲ್ಲಾ ಹೊತ್ಕೊಂಡು ಎದುರಿನ ಗುಡ್ಡ ಹತ್ತೋದಂತೆ, ದೊರೇನೂ ಹತ್ತೋದೇ.

ಆ ದೊರೆ ಹತ್ರ ಒಂದು ಹೆಣ್ಣುಕುದುರೆ ಇತ್ತಂತೆ. ಮುಗಿಲಿ ಅಂತ ಹೆಸರು. ಮೈ ಪೂರ್ತಿ ಮೋಡದ ಬಣ್ಣ. ಚಿಕ್ಕವಳಾಗಿದ್ದಾಗ ದೊರೇನ ಬೆನ್ನಮೇಲೆ ಕೂರಿಸ್ಕೊಂಡು ದೊಡ್ಡ ಕಂದಕ ಹಾರಿದ್ದಳಂತೆ, ದೊರೆ ಉಳಿದ, ಆದ್ರೆ ಅವಳ ಎಡ ಮುಂಗಾಲು ಮುರೀತು, ಆಮೇಲೆ ಅದು ಸೊಟ್ಟಗೇ ಕೂಡ್ಕೊಂಡ್ತು. ಹಾಗೂ ಹೀಗೂ ಹನ್ನೆರಡು ವರ್ಷ ಕುಂಟ್ಕೊಂಡೇ ಗುಡ್ಡ ಹತ್ತಿದಳಂತೆ. ಆ ವರ್ಷ ಮಾತ್ರ ಅಂಗಳ ದಾಟೋಕೂ ಕಷ್ಟ ಪಡ್ತಿದ್ದಳಂತೆ.

ದೊರೆ ಲಾಯಕ್ಕೆ ಬಂದು ಅವಳ ಕತ್ತು ತಬ್ಕೊಂಡು ಅತ್ತುಬಿಟ್ಟನಂತೆ. ಮುದುಕರನ್ನ ಡೋಲೀಲಿ ಹೊರ್ತೀವಿ, ಕೂಸುಗಳನ್ನ ಬುಟ್ಟೀಲಿ ಹೊರ್ತೀವಿ, ಕುದುರೇನ ಯಾರಪ್ಪಾ ಹೊರ್ತಾರೆ ಅಂದನಂತೆ. ನಿಜ ತಾನೇ? ನೀನು ಹೊರ್ತೀಯಾ? ಆಗ ಲಾಯ ನೋಡ್ಕೊಳ್ಳೋ ಸಿದ್ದಜ್ಜ ಅಂದನಂತೆ, ಇವಳು ಹತ್ತದಿದ್ರೆ ನಾನೂ ಹತ್ತಲ್ಲ ಬುದ್ಧಿ, ಹೊಳೆ ಬಂದ್ರೆ ಇಬ್ಬರನ್ನೂ ಒಟ್ಟಿಗೇ ಕರ್ಕೊಂಡು ಹೋಗ್ಲಿ.

ಅಯ್ಯೋ, ದೊರೆಗೆ ಜೀವವೇ ಹೋದಂಗಾಯ್ತಂತೆ. ತಕ್ಷಣ ಬಮ್ಮೋಜನ್ನ ಕರೆಸಿದನಂತೆ. ಬಮ್ಮೋಜ ಅಂದ್ರೆ ಕುದುರೆಗಳಿಗೆ ಲಾಳ ಹೊಡೆಯೋ ಕಮ್ಮಾರ. ಲಾಳ ಗೊತ್ತಲ್ಲ, ಗೊರಸಿಗೆ ಹಾಕೋ ಕಬ್ಬಿಣದ ಚಪ್ಪಲಿ! ಅವನ ಮನೆತನಕ್ಕೊಂದು ಕಟ್ಟಳೆ ಇತ್ತಂತೆ, ಎಡಗಾಲಿನ ಲಾಳ, ಬಲಗಾಲಿನ ಲಾಳ ಒಂದರ ಮೇಲೊಂದು ಇಟ್ರೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಬಾರದು. ಇದ್ರೆ ಅದು ವಾಪಸ್ ಬೆಂಕಿಗೇ. ಮುತ್ತಾತನ ಕಾಲದಿಂದ ಹಾಗೇ ಅಂತೆ.

ಬಮ್ಮೋಜ ಬಂದವನೇ ಮುಗಿಲಿ ಕಾಲನ್ನ ಮೇಲಕ್ಕೆತ್ತಿ ಮೊಣಕಾಲ ನಡುವೆ ಸಿಕ್ಕಿಸ್ಕೊಂಡನಂತೆ. ಅವಳು ಗಡಗಡ ನಡುಗಿದಳಂತೆ. ಹಳೇ ಪೆಟ್ಟು ಕಣಪ್ಪಾ, ಅಷ್ಟು ಮಡಚಲ್ಲ, ಕೆಳಗೇ ಹಿಡ್ಕೋ ಅಂದನಂತೆ ಸಿದ್ದಜ್ಜ. ಬಮ್ಮೋಜ ಮೀಸೆ ಕುಣಿಸಿ, ನಿನಗೆ ಹುಲ್ಲು ಹಾಕೋದು ಗೊತ್ತು, ನನಗೆ ಲಾಳ ಹೊಡೆಯೋದು ಗೊತ್ತು, ಸುಮ್ನಿರಜ್ಜಾ ಅಂದನಂತೆ. ಆಮೇಲೆ ಆ ಸೊಟ್ಟ ಗೊರಸನ್ನ ಅರ ಹಾಕಿ ತಿಕ್ಕಿ ತಿಕ್ಕಿ ಬಲಗಾಲಿನ ಗೊರಸಿನ ಹಾಗೇ ಮಟ್ಟ ಮಾಡಿ, ಜೋಡಿ ಲಾಳ ಹೊಡೆದನಂತೆ. ಎಷ್ಟು ಚಂದ ಅಂತೀಯಾ! ಆದ್ರೆ ಮುಗಿಲಿ ಆ ಕಾಲನ್ನ ನೆಲಕ್ಕೇ ಇಡಲಿಲ್ಲ. ಮೂರು ಕಾಲಲ್ಲಿ ನಿಂತಳಂತೆ. ಅಷ್ಟೊತ್ತಿಗೆ ಹೊಳೆ, ದಡದಿಂದ ಊರೊಳಗೆ ಬರೋ ಸೋಪಾನದ ಮೊದಲನೇ ಮೆಟ್ಟಿಲು ಹತ್ತಿತ್ತಂತೆ.

ಬಮ್ಮೋಜ ಬಿಡ್ತಾನಾ? ಕಾಲಿಗೆ ಬಲ ಸಾಲದು ಅಂತ, ಎರಡನೇ ಸಲ ದಪ್ಪಗೆ, ಭಾರವಾಗಿ, ಒಲೆಗುಂಡಿನ ಹಾಗಿರೋ ಲಾಳ ಮಾಡಿದನಂತೆ, ಅದೂ ಜೋಡಿ! ಪಾಪ, ಮುಗಿಲಿ ಕಾಲು ಎತ್ತೋಕಾಗದೆ ನೆಲಕ್ಕೆ ಉಜ್ಜಿ ಉಜ್ಜಿ ಎಳೆದಳಂತೆ, ಎಡವಿದಳಂತೆ. ಹೊಳೆ ಎರಡನೇ ಮೆಟ್ಟಿಲಿಗೂ ಬಂತಂತೆ.

ಆಮೇಲೆ ಬಮ್ಮೋಜ ತಲೆ ತಗ್ಗಿಸ್ಕೊಂಡು ಅವಳ ಲಾಳ ಬಿಚ್ಚಿ, ಸಿದ್ದಜ್ಜನ ಜೊತೆ ತನ್ನ ಮನೆಗೇ ನಿಧಾನವಾಗಿ ನಡೆಸ್ಕೊಂಡು ಬಂದನಂತೆ. ಅಲ್ಲಿ ಅವನ ಹೆಂಡತಿ ಹೊನ್ನವ್ವ, ಹೊಳೆ ಅನ್ನೋ ನೆಂಟರು ಬರ್ತಾರಲ್ಲ ಅಂತ, ಆಗಷ್ಟೇ ಅಂಗಳ ಸಗಣಿ ಹಾಕಿ ಸಾರಿಸಿದ್ದಳಂತೆ, ಇನ್ನೂ ಹಸಿ ಹಸಿ! ಮುಗಿಲಿ ಸೀದಾ ಅದರ ಮೇಲೇ ನಡೆದುಬಿಟ್ಟಳಂತೆ.

ಅಯ್ಯಯ್ಯೋ, ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದೋಯ್ತು, ನೀವು ಕುದುರೆ ಹೊಡ್ಕೊಂಡು ಬಂದ್ರಾ ಅಂತ ಹೊನ್ನವ್ವ ಪೊರಕೆ ಎತ್ತಿದಳಂತೆ. ಎತ್ತಿದವಳು ಹಾಗೇ ನಿಂತುಬಿಟ್ಟಳಂತೆ. ರೀ, ಇಲ್ಲಿ ನೋಡಿ, ಮೂರು ಕಾಲಿನ ಗುರುತು ಹುಣ್ಣಿಮೆ ಚಂದ್ರನ ಹಾಗಿದೆ, ಈ ಕಾಲಿಂದು ಮಾತ್ರ ಹೊರಮಗ್ಗುಲು ಆಳ, ಒಳಮಗ್ಗುಲು ತೇಲು, ಮುಂದೆ ಎಳೆದ ಗೀರು ಅಂದಳಂತೆ.

ಬಮ್ಮೋಜ ಕುಕ್ಕರುಗಾಲಲ್ಲಿ ಕೂತು ನೋಡಿದನಂತೆ. ನೋಡ್ತಾ ನೋಡ್ತಾ ಅವನ ಮುಖ ಸಣ್ಣದಾಯ್ತಂತೆ. ಸೊಟ್ಟ ಕಾಲಿಗೆ ಆ ಹೊರಮಗ್ಗುಲೇ ಆಸರೆ, ನಾನು ಅರ ಹಾಕಿ ಅದನ್ನೇ ತಿಕ್ಕಿ ತೆಗೆದ್ನಲ್ಲೇ ಹೊನ್ನಿ ಅಂದನಂತೆ.

ತೆಗೆದಿದ್ದನ್ನ ಕಬ್ಬಿಣದಲ್ಲಿ ಕೊಡಿ ಅಂದಳಂತೆ ಅವಳು.

ಆಗ ಲಾಳ ಜೋಡಿ ಆಗಲ್ಲ ಕಣೇ, ಬಮ್ಮೋಜ ಕುಡಿದು ಹೊಡೆದಿದಾನೆ ಅಂತ ಊರು ನಗುತ್ತೆ.

ನಗ್ಲಿ ಬಿಡಿ, ಊರಿನ ಹಲ್ಲಿಗೆ ಗಾಳಿಯಾದ್ರೂ ಆಡುತ್ತೆ, ನಾನು ತಿದಿ ಒತ್ತುತೀನಿ ಏಳಿ ಅಂದಳಂತೆ ಹೊನ್ನವ್ವ.

ಆಮೇಲೆ ತಿದಿ ಬುಸ್ ಬುಸ್ ಅಂತು, ಬೆಂಕಿ ಅರಳ್ತು, ಮೂರನೇ ಲಾಳ ಹುಟ್ಟಿತಂತೆ. ಹಗೂರ, ಎಲೆಯಷ್ಟು ಹಗೂರ! ಹೊರಮಗ್ಗುಲು ಅಗಲವಾಗಿ ಹಿಂದಕ್ಕೆ ಚಾಚಿತ್ತು, ಮೂತಿ ದೋಣಿ ಹಾಗೆ ಮೇಲಕ್ಕೆ ಬಾಗಿತ್ತು, ಹೆಜ್ಜೆ ತಾನಾಗೇ ಉರುಳ್ಲಿ ಅಂತ. ಈ ಸಲ ಬಮ್ಮೋಜ ನೆಲದ ಮೇಲೆ ಕೂತು, ಸಿದ್ದಜ್ಜಾ, ಎಷ್ಟು ಎತ್ತಲಿ ಅಂತ ಕೇಳಿದನಂತೆ. ಒಂದು ಗೇಣು ಅಂದನಂತೆ ಅಜ್ಜ. ಒಂದೇ ಗೇಣು ಎತ್ತಿ, ನಾಲ್ಕು ಮೊಳೆ ಹೊಡೆದು, ನಡುನಡುವೆ ಕಾಲು ಇಳಿಸಿ ಸುಧಾರಿಸ್ಕೊಳ್ಳೋಕೆ ಬಿಟ್ಟನಂತೆ.

ಹೊಳೆ ಮೂರನೇ ಮೆಟ್ಟಿಲಿಗೆ ಬಂದೇಬಿಡ್ತು ಪುಟ್ಟಾ! ಊರೆಲ್ಲಾ ಆಗಲೇ ಗುಡ್ಡದ ಮೇಲೆ. ದೊರೆ ತುದೀಲಿ ನಿಂತು ನೋಡ್ತಾನೆ, ನೋಡ್ತಾನೆ, ಕೆಳಗೆ ಬರೀ ಮೋಡ. ಮುಗಿಲೀನೂ ಮೋಡದ ಬಣ್ಣ, ಹೇಗೆ ಕಾಣ್ತಾಳೆ? ಏನೂ ಕಾಣದು, ನೀರಿನ ಸದ್ದು ಮಾತ್ರ. ಆಮೇಲೆ... ಶ್, ಕೇಳು... ಟಕ್, ಟಕ್, ಟಕ್, ದುಪ್. ಟಕ್, ಟಕ್, ಟಕ್, ದುಪ್. ನಿಧಾನಕ್ಕೆ, ನಿದ್ದೆಗಣ್ಣಲ್ಲಿ ನಡೆದ ಹಾಗೆ. ಸದ್ದು ನಿಂತಾಗೆಲ್ಲಾ ದೊರೆ ಉಸಿರೂ ನಿಂತುಬಿಡೋದಂತೆ, ಆಮೇಲೆ ಮತ್ತೆ ದುಪ್. ಕೊನೆಗೆ ಮೋಡ ಸೀಳ್ಕೊಂಡು ಎರಡು ಕಿವಿ ಬಂತು, ಆಮೇಲೆ ಮೂಗು, ಆಮೇಲೆ ಜೂಲು ಹಿಡ್ಕೊಂಡ ಸಿದ್ದಜ್ಜ, ಹಿಂದೆ ಬಮ್ಮೋಜ, ಹೊನ್ನವ್ವ!

ದೊರೆ ಮಂಡಿಯೂರಿ ಆ ಗೊರಸು ನೋಡಿ, ಇದೇನೋ ಬಮ್ಮೋಜ, ಸೊಟ್ಟ ಲಾಳ ಅಂದನಂತೆ. ಜನ ಕಿಸಕ್ ಅಂದ್ರಂತೆ. ಬಮ್ಮೋಜ ಎದೆ ಸೆಟೆಸಿ, ಹೌದು ಬುದ್ಧಿ, ಸೊಟ್ಟ, ನಾನೇ ಮಾಡಿದ್ದು, ಅವಳ ಅಳತೆಗೆ ಅಂದನಂತೆ.

ಕುಂಟು ಹೋಯ್ತಾ ಅಂತೀಯಾ? ಇಲ್ಲಪ್ಪ, ಹಳೇ ಪೆಟ್ಟು ಎಲ್ಲಿ ಹೋಗುತ್ತೆ. ನೋವು ಮಾತ್ರ ಕಮ್ಮಿ ಆಯ್ತು. ಗೊರಸು ನಮ್ಮ ಉಗುರಿನ ಹಾಗೆ ಬೆಳೀತಾನೇ ಇರುತ್ತಲ್ಲ, ಅದಕ್ಕೆ ತಿಂಗಳಿಗೊಂದು ಸಲ ಬಮ್ಮೋಜ ಬರೋದು, ಮೊದಲು ಅವಳನ್ನ ನಡೆಸಿ ನೋಡೋದು, ಆಮೇಲೇ ಅರ ಮುಟ್ಟೋದಂತೆ. ಆ ರಾತ್ರಿ ಮುಗಿಲಿ ಗುಡ್ಡದ ಹುಲ್ಲಿನ ಮೇಲೆ ನಾಲ್ಕೂ ಕಾಲು ಚಾಚಿ, ಸಿದ್ದಜ್ಜನ ಮಡಿಲಲ್ಲಿ ಮೂಗಿಟ್ಟು ನಿದ್ದೆ ಹೋದಳಂತೆ. ಊರವರೆಲ್ಲ ತುದಿಗಾಲಲ್ಲಿ ಓಡಾಡಿದ್ರಂತೆ, ಅವಳಿಗೆ ಎಚ್ಚರ ಆಗದಿರಲಿ ಅಂತ.

ಅವಳು ಮಲಗಿದಳು, ಕತೇನೂ ಅವಳ ಪಕ್ಕ ಮಲಗಿ ಮುಗೀತು. ಪುಟ್ಟಾ? ...ಓ, ಇವನೂ.